ಬದುಕುವುದೇತಕ್ಕೆ?

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಊರೂರುಗಳಲ್ಲಿ ಒಂದು ಬಗೆಯ ಅಂಜಿಕೆ ಸುಳಿದಾಡುವುದು ನಮ್ಮ ವಾಚಕರಿಗೆ ಹೊಸದಲ್ಲ. ತೇರ್ಗಡೆಯಾದವರ ಮನೆಯಲ್ಲಿ ಸಿಹಿ ಹಂಚುತ್ತಿರುವಾಗ ಪಕ್ಕದ ಬೀದಿಯ ಯಾವುದೋ ಮನೆಯಲ್ಲಿ ತಾಯಿಯೊಬ್ಬಳು ಮಗನನ್ನು ಒಂಟಿಯಾಗಿ ಬಿಡಲು ಹೆದರಿ ಬಾಗಿಲ ಬಳಿಯೇ ಕುಳಿತಿರುತ್ತಾಳೆ. ಈ ಅಂಜಿಕೆ ನಮ್ಮ ಕಾಲಕ್ಕೆ ಹುಟ್ಟಿದ್ದಲ್ಲ; ನಮ್ಮ ನಾಡಿಗೆ ಮಾತ್ರ ಸೇರಿದ್ದೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ಆಸ್ಟ್ರಿಯ ದೇಶದ ವಿಯೆನ್ನಾ ನಗರದಲ್ಲಿ, ಶಾಲೆಗಳಲ್ಲಿ ಅಂಕಪಟ್ಟಿಗಳನ್ನು ಹಂಚುವ ಕಾಲ ಬಂತೆಂದರೆ ವಿದ್ಯಾರ್ಥಿಗಳ ಆತ್ಮಹತ್ಯೆಗಳು ಹೆಚ್ಚುತ್ತಿದ್ದುವು. ಆಗ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದ ವಿಕ್ಟರ್ ಫ್ರಾಂಕ್ಲ್ ಎಂಬುವರು ಹಲವು ಮಂದಿ ಹಿರಿಯರನ್ನು ಕೂಡಿಕೊಂಡು, ಹದಿಹರೆಯದವರು ಹಣ ಕೊಡದೆ ಬಂದು ಮನಸ್ಸಿನ ಮಾತನ್ನು ಹೇಳಿಕೊಳ್ಳಬಹುದಾದ ಸಲಹಾಕೇಂದ್ರಗಳನ್ನು ತೆರೆದರು. ೧೯೩೦ರಲ್ಲಿ ಅಂಕಪಟ್ಟಿಯ ದಿನಗಳಿಗೆಂದೇ ವಿಶೇಷವಾದ ಏರ್ಪಾಡನ್ನೂ ಮಾಡಿದರು. ಇದಾದಮೇಲೆ, ಎಷ್ಟೋ ವರ್ಷಗಳಲ್ಲಿ ಮೊತ್ತಮೊದಲ ಬಾರಿಗೆ, ಆ ನಗರದಲ್ಲಿ ಒಬ್ಬ ವಿದ್ಯಾರ್ಥಿಯೂ ಪ್ರಾಣ ಕಳೆದುಕೊಳ್ಳಲಿಲ್ಲವೆಂದು ಫ್ರಾಂಕ್ಲ್ ಅವರೇ ಬರೆದಿದ್ದಾರೆ. ಒಂದೇ ನಗರದ ಒಂದು ವರ್ಷದ ಲೆಕ್ಕದಿಂದ ಸಿದ್ಧಾಂತವನ್ನು ಕಟ್ಟಲಾಗದು, ನಿಜ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಆ ಕೇಂದ್ರಗಳು ಯಾರ ಅಂಕಗಳನ್ನೂ ಹೆಚ್ಚಿಸಲಿಲ್ಲ. ನಪಾಸಾದವನು ನಪಾಸಾಗಿಯೇ ಉಳಿದನು, ಆದರೂ ಬದುಕಿದನು.

ಬದುಕುವುದೇತಕ್ಕೆ ಎಂಬ ಪ್ರಶ್ನೆಯನ್ನು ತತ್ತ್ವಜ್ಞಾನಿ ಕೇಳುವುದು ಬೇರೆ. ವಾರಗಟ್ಟಲೆ ನಿದ್ದೆಗೆಟ್ಟು, ಬೆಳಗಿನ ನಾಲ್ಕು ಗಂಟೆಗೆ ಎಚ್ಚೆತ್ತು, ಮಾಡಿನ ಜಂತೆಗಳನ್ನು ಎಣಿಸುತ್ತ ಮಲಗಿರುವ ಹದಿನೆಂಟು ವರ್ಷದ ಹುಡುಗ ಕೇಳುವುದು ಬೇರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸಾವಿರ ವರ್ಷ ತಡವಾದರೂ ಯಾರಿಗೂ ನಷ್ಟವಿಲ್ಲ. ಎರಡನೆಯದಕ್ಕೆ ಅಷ್ಟು ವಿರಾಮವಿಲ್ಲ. ನಾವು ಇಲ್ಲಿ ವಿಚಾರಿಸಹೊರಟಿರುವುದು ಈ ಎರಡನೆಯ ಪ್ರಶ್ನೆಯನ್ನು. ಪ್ರಶ್ನೆ ಕೇಳುವ ಮನಸ್ಸೇ ರೋಗಗ್ರಸ್ತವಾಗಿರುವಾಗ ಅದು ತನಗೆ ತಾನೇ ಕೊಟ್ಟುಕೊಳ್ಳುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿಯ ಮುಖ್ಯ ವಿಷಯ.

ಖಿನ್ನತೆ ಎಂಬ ಮಾತನ್ನು ವೈದ್ಯರು ಬಳಸುವ ಅರ್ಥದಲ್ಲಿಯೇ ನಾವು ಬಳಸುತ್ತೇವೆ. ಅಜ್ಜಿ ತೀರಿಕೊಂಡಾಗ ಬರುವ ಅಳು, ಸ್ನೇಹ ಮುರಿದಾಗ ಆಗುವ ಸಂಕಟ, ಇವು ದುಃಖ. ದುಃಖ ರೋಗವಲ್ಲ. ದುಃಖದಲ್ಲಿರುವವನು ನಡುನಡುವೆ ಹಳೆಯದೊಂದು ತಮಾಷೆಯನ್ನು ನೆನೆದು ನಗಬಲ್ಲನು, ಯಾರಾದರೂ ಬಂದು ಕೈಹಿಡಿದರೆ ಅವನಿಗೆ ಹಗುರವೆನಿಸುತ್ತದೆ. ಖಿನ್ನತೆಯಲ್ಲಿ ಹಾಗಲ್ಲ. ಎರಡು ವಾರಗಳಿಗೆ ಕಡಮೆಯಿಲ್ಲದಂತೆ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು ಅದರ ಮೊದಲ ಗುರುತು. ಜೊತೆಗೆ ನಿದ್ರೆ ಕೆಡುತ್ತದೆ. ಹಸಿವು ಅಡಗುತ್ತದೆ, ಇಲ್ಲವೇ ಮಿತಿಮೀರುತ್ತದೆ. ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವುದೂ ಬೆಟ್ಟ ಹತ್ತಿದಂತಾಗುತ್ತದೆ. ಓದಿದ ಪುಟವನ್ನೇ ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಮಾಡದ ತಪ್ಪಿಗಾಗಿ ಮನಸ್ಸು ತನ್ನನ್ನೇ ಹಳಿದುಕೊಳ್ಳುತ್ತದೆ. ಇವುಗಳಲ್ಲಿ ಹಲವು ಒಟ್ಟಿಗೆ ಸೇರಿದಾಗ ಅದು ಸೋಮಾರಿತನವೂ ಅಲ್ಲ, ಹೇಡಿತನವೂ ಅಲ್ಲ, ಮಲೇರಿಯದಂತೆ ಅದೂ ಒಂದು ರೋಗ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರ ಸ್ಥಿತಿಯನ್ನು ಅಂದಾಜುಮಾಡಿ ಲೋಕದಲ್ಲಿ ಸುಮಾರು ೨೮ ಕೋಟಿ ಜನರು ಇದರಿಂದ ನರಳುತ್ತಿದ್ದರೆಂದು ಹೇಳಿದ್ದಾರೆ. ೨೦೧೫–೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ವಯಸ್ಕರ ಪೈಕಿ ಸುಮಾರು ಇಪ್ಪತ್ತು ಮಂದಿಗೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಅರವತ್ತು ಮಂದಿಯಿರುವ ತರಗತಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಬಹುದು.

ಇದು ಹೊಸದಾಗಿ ಕಂಡುಹಿಡಿದ ರೋಗವೂ ಅಲ್ಲ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲೆಲ್ಲ ವಿಷಾದಕ್ಕೆ ಅಗ್ರಸ್ಥಾನವೆಂದು ಚರಕಸಂಹಿತೆಯಲ್ಲಿ ಎಣಿಸಲಾಗಿದೆ. ಕಾರಣಗಳ ವಿಚಾರ ಬಂದಾಗ ಮಾತ್ರ ಇಂದಿಗೂ ಒಂದೇ ಮಾತಿನ ಉತ್ತರವಿಲ್ಲ. ಅವಳಿಮಕ್ಕಳನ್ನು ಪರೀಕ್ಷಿಸಿದ ಅಧ್ಯಯನಗಳಿಂದ ವಂಶದ ಪಾಲು ಮೂರರಲ್ಲೊಂದು ಭಾಗಕ್ಕೆ ಸ್ವಲ್ಪ ಹೆಚ್ಚೆಂದು ತಿಳಿದಿದೆ. ಉಳಿದದ್ದು ಬಾಲ್ಯದ ಅನುಭವ, ನಷ್ಟ, ಒಂಟಿತನ, ಬಡತನ, ದೀರ್ಘವ್ಯಾಧಿ ಮೊದಲಾದುವುಗಳಿಂದ ಬರತಕ್ಕದ್ದು. ಮಿದುಳಿನಲ್ಲಿ ಸಿರೊಟೋನಿನ್ ಎಂಬ ಒಂದು ರಾಸಾಯನಿಕ ಕಡಮೆಯಾದುದೇ ಕಾರಣವೆಂದು ಬಹುಕಾಲ ಪ್ರಚಾರದಲ್ಲಿದ್ದ ವಿವರಣೆ ಅತಿ ಸರಳವಾದುದೆಂದು ಈಗ ತಿಳಿದಿದೆ. ಆದರೆ ಇದರಿಂದ ಔಷಧಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ಅನೇಕರಿಗೆ ಅವುಗಳಿಂದ ಗುಣವಾಗುತ್ತದೆ. ಗುಣ ಕಾಣಲು ಕೆಲವು ವಾರಗಳು ಹಿಡಿಯುತ್ತವೆ. ಎಳೆಯ ವಯಸ್ಸಿನವರ ವಿಷಯದಲ್ಲಿ ಮೊದಮೊದಲ ವಾರಗಳಲ್ಲಿ ವೈದ್ಯರ ಕಣ್ಗಾವಲು ಅವಶ್ಯ. ತಾವಾಗಿ ತಟ್ಟನೆ ನಿಲ್ಲಿಸಲೂ ಬಾರದು.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ೧೯೮೬ರಲ್ಲಿ ಇಂಗ್ಲೆಂಡಿನ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಜೀವ ತೆಗೆದುಕೊಳ್ಳಲು ಯತ್ನಿಸಿ ಉಳಿದುಕೊಂಡು ಆಸ್ಪತ್ರೆಯಲ್ಲಿದ್ದ ಕೆಲವರಿಗೆ ಒಂದೊಂದಾಗಿ ಪದಗಳನ್ನು ಕೊಟ್ಟು, ಆ ಪದದಿಂದ ನೆನಪಾಗುವ, ತಮ್ಮ ಬಾಳಿನಲ್ಲಿ ನಡೆದ ಒಂದು ನಿರ್ದಿಷ್ಟ ಘಟನೆಯನ್ನು ಹೇಳಬೇಕೆಂದು ಕೇಳಲಾಯಿತು. ಅದೇ ಪದಗಳನ್ನು ಆರೋಗ್ಯವಂತರಿಗೂ ಕೊಡಲಾಯಿತು. ನಮ್ಮ ಕಡೆಯ ಉದಾಹರಣೆಯಿಂದ ಇದನ್ನು ವಿವರಿಸುವುದಾದರೆ, ‘ಸಂತೋಷ’ ಎಂಬ ಪದವನ್ನು ಕೊಟ್ಟಾಗ ಆರೋಗ್ಯವಂತನು, “ಹೋದ ದೀಪಾವಳಿಯ ರಾತ್ರಿ ಅಣ್ಣ ರಜೆ ಸಿಕ್ಕಿತೆಂದು ಹೇಳದೆ ಕೇಳದೆ ಮನೆಗೆ ಬಂದು ಬಾಗಿಲು ತಟ್ಟಿದ್ದು” ಎಂದು ಹೇಳಬಹುದು. ನಿರಾಶೆಯಲ್ಲಿ ಮುಳುಗಿದವನು, “ಚಿಕ್ಕವನಾಗಿದ್ದಾಗ ಹಬ್ಬಗಳಲ್ಲಿ ಸಂತೋಷವಾಗಿರುತ್ತಿತ್ತು” ಎನ್ನುತ್ತಾನೆ. ಯಾವ ಹಬ್ಬ, ಯಾವ ದಿನ, ಯಾರು ಬಂದರು, ಏನೆಂದರು ಎಂಬುದು ಅವನಿಗೆ ದೊರೆಯುವುದಿಲ್ಲ. ದೊರೆತರೂ ಬಹಳ ತಡವಾಗಿ ದೊರೆಯುತ್ತದೆ. ಸುಖದ ನೆನಪುಗಳಲ್ಲಿ ಈ ದೋಷ ಹೆಚ್ಚಾಗಿ ಕಂಡಿತು. ಮುಂದೆ ಅನೇಕ ದೇಶಗಳಲ್ಲಿ ನಡೆದ ಪ್ರಯೋಗಗಳು, ಖಿನ್ನತೆಯಿಂದ ನರಳುವವರಲ್ಲಿ ಇದು ಸಾಮಾನ್ಯವೆಂದು ತೋರಿಸಿದುವು.

ಗ್ರಂಥಾಲಯಕ್ಕೆ ಹೋಗಿ, ಕಪಾಟಿನ ಮೇಲೆ ಬರೆದ ವಿಷಯದ ಹೆಸರನ್ನು ಓದಿ, ಒಳಗಿನ ಒಂದು ಪುಸ್ತಕವನ್ನೂ ತೆರೆಯದೆ ಹಿಂದಿರುಗಿ ಬಂದವನನ್ನು ಊಹಿಸಿಕೊಳ್ಳಿರಿ. ಖಿನ್ನನ ಸ್ಮರಣಶಕ್ತಿ ಮಾಡುವುದು ಇದನ್ನೇ. ಹುಡುಕಾಟ ಅರ್ಧದಲ್ಲಿ ನಿಲ್ಲುತ್ತದೆ. ಹೀಗೇಕೆ? ವಿವರಗಳಲ್ಲಿ ನೋವಿರುವುದರಿಂದ ಮನಸ್ಸು ವಿವರಗಳ ಹೊಸ್ತಿಲಲ್ಲೇ ನಿಂತುಬಿಡುವ ಅಭ್ಯಾಸವನ್ನು ಕಲಿತಿರಬಹುದು. ‘ನಾನು ಕೈಲಾಗದವನು’ ಎಂಬಂಥ ಒಂದೇ ವಾಕ್ಯವನ್ನು ಗಾಣದೆತ್ತಿನಂತೆ ಸುತ್ತುತ್ತಿರುವುದರಿಂದ ದಾರಿ ತಪ್ಪಬಹುದು. ಹುಡುಕಲು ಬೇಕಾದ ಏಕಾಗ್ರತೆಯೇ ರೋಗದಿಂದ ಕುಂದಿರಬಹುದು. ಮೂರೂ ಸೇರಿ ಕೆಲಸಮಾಡುತ್ತವೆಂಬುದು ವಿಲಿಯಮ್ಸ್ ಮತ್ತು ಅವರ ಜೊತೆಗಾರರ ಅಭಿಪ್ರಾಯ. ಇದರಿಂದಾಗುವ ಕೇಡು ಸಣ್ಣದಲ್ಲ. ಕಳೆದ ವರ್ಷ ಇಂಥದೇ ಇಕ್ಕಟ್ಟಿನಿಂದ ತಾನು ಪಾರಾದುದು ಹೇಗೆ, ಯಾರ ಬಳಿ ಹೋಗಿದ್ದೆ, ಅವರೇನು ಮಾಡಿಕೊಟ್ಟರು ಎಂಬ ವಿವರ ನೆನಪಾಗದಿದ್ದರೆ ಈ ವರ್ಷದ ಇಕ್ಕಟ್ಟಿಗೆ ದಾರಿ ಕಾಣುವುದು ಹೇಗೆ?

ಹಿಂದಿನದಷ್ಟೇ ಅಲ್ಲ, ಮುಂದಿನದೂ ಹೀಗೆಯೇ. ೧೯೯೦ರ ದಶಕದಲ್ಲಿ ಆಂಡ್ರ್ಯೂ ಮ್ಯಾಕ್ಲೌಡ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ರೋಗಿಗಳನ್ನು ಕುರಿತು, ಮುಂದಿನ ದಿನಗಳಲ್ಲಿ ತಾವು ಎದುರುನೋಡುವ ಸಂಗತಿಗಳನ್ನೂ ಭಯಪಡುವ ಸಂಗತಿಗಳನ್ನೂ ಗೊತ್ತಾದ ಅವಧಿಯೊಳಗೆ ಸಾಧ್ಯವಾದಷ್ಟು ಪಟ್ಟಿಮಾಡಿರೆಂದು ಕೇಳಿದರು. ಭಯಗಳ ಪಟ್ಟಿ ಉದ್ದವಾಗಿರುತ್ತದೆಂದು ನಾವೆಲ್ಲರೂ ಊಹಿಸುತ್ತೇವಷ್ಟೆ. ಹಾಗಾಗಲಿಲ್ಲ. ಭಯಗಳ ಸಂಖ್ಯೆ ಇತರರಿಗಿಂತ ಹೆಚ್ಚಿರಲಿಲ್ಲ. ಎದುರುನೋಡುವ ಸಂಗತಿಗಳ ಪಟ್ಟಿಯೇ ಚಿಕ್ಕದಾಗಿತ್ತು. ಎಂದರೆ, ನಿರಾಶೆಯೆಂಬುದು ಕತ್ತಲೆ ಹೆಚ್ಚಿದ್ದಲ್ಲ, ದೀಪಗಳು ಕಣ್ಣಿಗೆ ಬೀಳದೆ ಹೋದದ್ದು. ಈ ಭೇದವನ್ನು ನಾವು ಬಹಳ ಮುಖ್ಯವೆಂದು ಎಣಿಸುತ್ತೇವೆ. ‘ಹುಡುಕಿದೆ, ಬದುಕಲು ಒಂದೂ ಕಾರಣ ಸಿಕ್ಕಲಿಲ್ಲ’ ಎಂದು ಖಿನ್ನನು ಹೇಳುವಾಗ ಅವನು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅವನಿಗೆ ಸಿಕ್ಕಲಿಲ್ಲ. ಆದರೆ ಸಿಕ್ಕದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗುವುದಿಲ್ಲ. ಹುಡುಕುವ ಕೈಗೇ ಪೆಟ್ಟಾಗಿದೆ.

ಹಾಗಾದರೆ ಕಾರಣಗಳು ಯಾವುವು? ಈ ಪ್ರಶ್ನೆಯನ್ನು ಪ್ರಯೋಗಶಾಸ್ತ್ರದ ರೀತಿಯಲ್ಲಿ ಕೇಳಿದವರು ಅಮೆರಿಕದ ಮಾರ್ಷಾ ಲಿನೆಹನ್. ಅವರಿಗಿಂತ ಹಿಂದಿನವರು ಸಾಯಬಯಸುವವರನ್ನು ಏಕೆ ಸಾಯಬಯಸುತ್ತೀರಿ ಎಂದು ಕೇಳುತ್ತಿದ್ದರು. ಲಿನೆಹನ್ ಪ್ರಶ್ನೆಯನ್ನು ತಿರುವಿಹಾಕಿ, ಸಾಮಾನ್ಯ ಜನರನ್ನು ಕುರಿತು, ಅಂಥ ಯೋಚನೆ ಬಂದಾಗ ನಿಮ್ಮನ್ನು ತಡೆದು ನಿಲ್ಲಿಸಿದ್ದೇನು, ಈಗ ಬಂದರೆ ನಿಲ್ಲಿಸುವುದೇನು ಎಂದು ಕೇಳಿದರು. ಬಂದ ಉತ್ತರಗಳನ್ನು ಸೋಸಿ, ೪೮ ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ೧೯೮೩ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಆ ವಾಕ್ಯಗಳು ಆರು ಗುಂಪುಗಳಿಗೆ ಸೇರುತ್ತವೆ. ಹೇಗಾದರೂ ಇದನ್ನು ದಾಟಬಲ್ಲೆನೆಂಬ ನಂಬಿಕೆ, ಮನೆಯವರ ಹೊಣೆ, ಮಕ್ಕಳ ಚಿಂತೆ, ಸಾವಿನ ಭಯ, ಜನ ಏನೆಂದಾರೆಂಬ ಅಳುಕು, ಧರ್ಮದ ಅಡ್ಡಿ. ಸಾಯುವ ಯತ್ನಕ್ಕೆ ಇಳಿದವರನ್ನು ಇಳಿಯದವರಿಂದ ಬೇರ್ಪಡಿಸಿ ತೋರಿಸುವುದರಲ್ಲಿ ಮೊದಲ ಮೂರು ಗುಂಪುಗಳು ವಿಶೇಷವಾಗಿ ಉಪಯುಕ್ತವೆಂದು ಕಂಡುಬಂದಿತು. ೧೯೯೮ರಲ್ಲಿ ಹದಿಹರೆಯದವರಿಗೆಂದು ಬೇರೆ ವಿದ್ವಾಂಸರು ಸಿದ್ಧಪಡಿಸಿದ ಇಂಥದೇ ಪಟ್ಟಿಯಲ್ಲಿ ಗೆಳೆಯರ ಆಸರೆ, ತನ್ನನ್ನು ತಾನು ಒಪ್ಪಿಕೊಳ್ಳುವುದು, ಮುಂದಿನ ದಿನಗಳ ಆಸೆ ಇವುಗಳಿಗೆ ಸ್ಥಾನ ದೊರೆತಿದೆ.

ಈ ಪಟ್ಟಿಯನ್ನು ಓದಿದವರಿಗೆ ಮೊದಲು ಎದ್ದುಕಾಣುವುದು ಅದರ ಸಾಧಾರಣತೆ. ವಿಶ್ವದ ಪರಮಾರ್ಥವೇನೆಂಬುದು ಅಲ್ಲಿಲ್ಲ. ಅಳುಕು, ಭಯಗಳೂ ಅಲ್ಲಿ ಕಾರಣಗಳೇ. ಬದುಕುವ ಕಾರಣ ಘನವಾಗಿರಬೇಕು, ಉದಾತ್ತವಾಗಿರಬೇಕು ಎಂಬ ಭ್ರಮೆಯೊಂದು ಓದಿದ ತರುಣರಲ್ಲಿ ಉಂಟು. ಒಂದು ರಾತ್ರಿಯನ್ನು ಕಳೆಯಲು ನೆರವಾಗುವ ಕಾರಣಕ್ಕೆ ಉದಾತ್ತತೆಯ ಅವಶ್ಯಕತೆಯೇನೂ ಇಲ್ಲ. ಲಿನೆಹನ್ ಅವರಿಗೆ ಇದು ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ೧೯೬೧ರಲ್ಲಿ, ಹದಿನೇಳು ವರ್ಷದ ಹುಡುಗಿಯಾಗಿ, ಅವರು ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸೇರಿ ಎರಡು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದರು. ಪದೇಪದೇ ತಮ್ಮನ್ನೇ ಗಾಯಗೊಳಿಸಿಕೊಳ್ಳುತ್ತಿದ್ದರು. ಮುಂದೆ ಓದಿ, ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಿಕೆಯಾಗಿ, ಇಂಥ ರೋಗಿಗಳಿಗೆಂದೇ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಚಿಕಿತ್ಸಾಕ್ರಮವನ್ನು ರೂಪಿಸಿದರು. ತಮ್ಮ ಪೂರ್ವಕಥೆಯನ್ನು ೨೦೧೧ರಲ್ಲಿ, ಅದೇ ಆಸ್ಪತ್ರೆಯಲ್ಲಿ ನೆರೆದ ಸಭೆಯ ಮುಂದೆ, ಮೊದಲ ಬಾರಿಗೆ ಬಹಿರಂಗವಾಗಿ ಹೇಳಿದರು.

ಫ್ರಾಂಕ್ಲ್ ಅವರ ಕಥೆಯನ್ನು ಅರ್ಧದಲ್ಲಿ ಬಿಟ್ಟೆವು. ಅವರು ಯೆಹೂದ್ಯರು. ೧೯೪೨ರಲ್ಲಿ ನಾಟ್ಸಿಗಳು ಅವರನ್ನು ಹಿಡಿದೊಯ್ದರು. ಔಷ್‌ವಿಟ್ಸ್ ಸೇರಿ ನಾಲ್ಕು ಸೆರೆಶಿಬಿರಗಳನ್ನು ಕಂಡು ೧೯೪೫ರಲ್ಲಿ ಬಿಡುಗಡೆ ಹೊಂದಿದರು. ತಂದೆ, ತಾಯಿ, ಸೋದರ, ಹೆಂಡತಿ, ಯಾರೂ ಉಳಿದಿರಲಿಲ್ಲ. ಶಿಬಿರದಲ್ಲಿ ಪ್ರಾಣ ಬಿಡಲು ನಿಶ್ಚಯಿಸಿದ್ದ ಇಬ್ಬರ ವಿಷಯವನ್ನು ಅವರು ಬರೆದಿದ್ದಾರೆ. ಬಾಳಿನಿಂದ ಇನ್ನು ತಮಗೆ ಬರತಕ್ಕದ್ದೇನೂ ಇಲ್ಲವೆಂಬುದು ಇಬ್ಬರ ವಾದವೂ ಆಗಿತ್ತು. ನಿಮ್ಮಿಂದ ಬರಬೇಕಾದ್ದು ಏನಾದರೂ ಎಲ್ಲಾದರೂ ಕಾದಿದೆಯೇ ಎಂಬ ದಾರಿಯಲ್ಲಿ ಫ್ರಾಂಕ್ಲ್ ಅವರನ್ನು ಮಾತಾಡಿಸಿದರು. ಒಬ್ಬನಿಗೆ ಪರದೇಶದಲ್ಲಿ ಒಂದು ಮಗುವಿತ್ತು. ಇನ್ನೊಬ್ಬನು ವಿಜ್ಞಾನಿ, ಅವನು ಬರೆಯಲಾರಂಭಿಸಿದ್ದ ಒಂದು ಗ್ರಂಥಮಾಲೆ ಮುಗಿಯದೆ ಉಳಿದಿತ್ತು, ಅದನ್ನು ಅವನಲ್ಲದೆ ಬೇರೊಬ್ಬನು ಮುಗಿಸುವಂತಿರಲಿಲ್ಲ. ‘ಪ್ರೀತಿ’, ‘ಕರ್ತವ್ಯ’ ಎಂಬ ಕಪಾಟುಗಳ ಹೆಸರು ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ಇಂಥ ಮಗು, ಇಂಥ ಪುಸ್ತಕ. ಫ್ರಾಂಕ್ಲ್ ಅವರ ತತ್ತ್ವವನ್ನೆಲ್ಲ ಒಪ್ಪದವರೂ ಈ ಒಂದು ಸಂಗತಿಯನ್ನು ವಿಲಿಯಮ್ಸ್ ಅವರ ಪ್ರಯೋಗದ ಪಕ್ಕದಲ್ಲಿಟ್ಟು ನೋಡಬಹುದು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಮನೆಯವರ ಪ್ರೀತಿಯೇ ಕೆಲವರಲ್ಲಿ ವಿಪರೀತಾರ್ಥವನ್ನು ತಾಳುತ್ತದೆ. ‘ಸಾಲ ಮಾಡಿ ಓದಿಸಿದರು, ನಾನು ಅವರಿಗೆ ಭಾರವಾದೆ, ನಾನಿಲ್ಲದಿದ್ದರೆ ಅವರಿಗೇ ಹಗುರ’ ಎಂಬ ಲೆಕ್ಕ ಅದು. ತಾನು ಇತರರಿಗೆ ಭಾರವೆಂಬ ಭಾವನೆ ಆತ್ಮಹತ್ಯೆಯ ಬಯಕೆಗೆ ದೊಡ್ಡ ಕಾರಣಗಳಲ್ಲೊಂದೆಂದು ಅಮೆರಿಕದ ಥಾಮಸ್ ಜಾಯ್ನರ್ ೨೦೦೫ರಲ್ಲಿ ವಿವರವಾಗಿ ಪ್ರತಿಪಾದಿಸಿದರು. ಈ ಲೆಕ್ಕ ತಪ್ಪೆಂದು ವಾದಿಸಿ ಗೆಲ್ಲುವುದು ಕಷ್ಟ. ಆದರೆ ಅದರಲ್ಲಿ ಒಂದು ಅಂಕಿಯನ್ನು ಲೆಕ್ಕಿಗನು ತಾನೇ ಊಹಿಸಿ ಬರೆದಿರುತ್ತಾನೆ. ಮನೆಯವರನ್ನು ಕೇಳಿರುವುದಿಲ್ಲ. ಆತ್ಮಹತ್ಯೆಯಿಂದ ಮಗುವನ್ನು ಕಳೆದುಕೊಂಡ ತಂದೆತಾಯಿಗಳನ್ನು ಕಂಡವರಾರೂ ಆ ಮನೆಯ ಭಾರ ಇಳಿಯಿತೆಂದು ಹೇಳುವುದಿಲ್ಲ. ಬಡತನ, ಸಾಲ, ಹೊಡೆತ, ಜಾತಿಯ ಹೆಸರಿನ ಅವಮಾನ ಇವು ನಿಜವಾದ ಕಷ್ಟಗಳಾಗಿರುವಲ್ಲಿ ಬರಿಯ ಮನಶ್ಶಾಸ್ತ್ರದಿಂದ ತೃಪ್ತರಾಗುವುದೂ ಸರಿಯಲ್ಲ. ಆ ಕಷ್ಟಗಳಿಗೇ ಪರಿಹಾರ ಬೇಕು. ಪರಿಹಾರವನ್ನು ಹುಡುಕಲು ಆ ಮನುಷ್ಯನು ಬದುಕಿರಬೇಕು, ಅಷ್ಟೆ.

ಕಾರಣಗಳು ತಾವಾಗಿ ಕಾಣದಿದ್ದಾಗ ಮಾಡತಕ್ಕದ್ದೇನು? ‘ಉತ್ಸಾಹ ಬಂದಮೇಲೆ ಕೆಲಸ’ ಎಂಬುದು ನಮ್ಮೆಲ್ಲರ ವಾಡಿಕೆ. ಖಿನ್ನತೆಯಲ್ಲಿ ಈ ಕ್ರಮವನ್ನು ತಿರುವಬೇಕಾಗುತ್ತದೆ. ಮೊದಲು ಸಣ್ಣದೊಂದು ಕೆಲಸ, ರುಚಿ ಆಮೇಲೆ. ಬೀದಿಯ ಕೊನೆಯವರೆಗೆ ನಡೆದು ಬರುವುದು, ಗಿಡಕ್ಕೆ ನೀರೆರೆಯುವುದು, ಗೆಳೆಯನೊಬ್ಬನಿಗೆ ಫೋನ್ ಮಾಡುವುದು, ಹೀಗೆ ಗೊತ್ತಾದ ಹೊತ್ತಿಗೆ ಗೊತ್ತಾದ ಕೆಲಸವನ್ನು ಮನಸ್ಸಿಲ್ಲದಿದ್ದರೂ ಮಾಡಿಸುವ ಒಂದು ಚಿಕಿತ್ಸಾಕ್ರಮವುಂಟು. ನಮ್ಮ ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಇದನ್ನು ತೀವ್ರ ಖಿನ್ನತೆಯ ೪೯೫ ರೋಗಿಗಳಲ್ಲಿ ಪರೀಕ್ಷಿಸಿ ೨೦೧೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಭೇಟಿಗಳು ಆರರಿಂದ ಎಂಟು. ಮೂರು ತಿಂಗಳ ನಂತರ ಅವರಲ್ಲಿ ನೂರಕ್ಕೆ ೬೪ ಮಂದಿ ಗುಣಹೊಂದಿದ್ದರು. ಈ ಭೇಟಿಗಳಿಲ್ಲದೆ ಕೇಂದ್ರದ ವಾಡಿಕೆಯ ಆರೈಕೆಯನ್ನಷ್ಟೆ ಪಡೆದವರಲ್ಲಿ ನೂರಕ್ಕೆ ೩೯.

ಸಣ್ಣ ಸಂಗತಿಗಳ ಬಲವನ್ನು ತೋರಿಸುವ ಇನ್ನೊಂದು ಪ್ರಯೋಗ ನಮಗೆ ಬಲು ಮೆಚ್ಚಿಗೆಯಾದುದು. ಸಾನ್‌ಫ್ರಾನ್ಸಿಸ್ಕೋ ನಗರದ ಮನೋವೈದ್ಯ ಜೆರೋಮ್ ಮೋಟೋ ಅವರು, ಖಿನ್ನತೆ ಮತ್ತು ಸಾಯುವ ಯೋಚನೆಗಳಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದಮೇಲೆ ಚಿಕಿತ್ಸೆಯನ್ನು ಮುಂದುವರಿಸಲು ಒಪ್ಪದ ೮೪೩ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿದರು. ಒಂದು ಪಂಗಡದವರಿಗೆ ಐದು ವರ್ಷಗಳ ಕಾಲ ಆಗಾಗ್ಗೆ, ವರ್ಷಕ್ಕೆ ನಾಲ್ಕು ಸಲಕ್ಕೆ ಕಡಮೆಯಿಲ್ಲದಂತೆ, ಪುಟ್ಟ ಕಾಗದಗಳು ಹೋದುವು. ಅವುಗಳಲ್ಲಿ ಬುದ್ಧಿವಾದವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಿಮ್ಮನ್ನು ಮರೆತಿಲ್ಲ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ತಾತ್ಪರ್ಯ. ಇನ್ನೊಂದು ಪಂಗಡಕ್ಕೆ ಏನೂ ಹೋಗಲಿಲ್ಲ. ೨೦೦೧ರಲ್ಲಿ ಪ್ರಕಟವಾದ ಲೆಕ್ಕದಂತೆ, ಐದು ವರ್ಷಗಳುದ್ದಕ್ಕೂ ಕಾಗದ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಮೆಯಿತ್ತು. ಮೊದಲ ಎರಡು ವರ್ಷಗಳಲ್ಲಿ ಈ ಅಂತರ ಆಕಸ್ಮಿಕವೆನ್ನಲಾಗದಷ್ಟು ದೊಡ್ಡದಾಗಿತ್ತು. ಎರಡು ಸಾಲಿನ ಕಾಗದಕ್ಕೆ ಅಂಚೆಚೀಟಿ ಅಂಟಿಸುವುದಕ್ಕಿಂತ ಅಗ್ಗವಾದ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ವಿರಳ.

ಕಾಲವೂ ಬದುಕಿನ ಪಕ್ಷದಲ್ಲಿಯೇ ಇದೆ. ಸಾಯಬೇಕೆಂಬ ತೀವ್ರವಾದ ಒತ್ತಡ ಅಲೆಯಂತೆ ಏರಿ ಇಳಿಯತಕ್ಕದ್ದು. ಅನೇಕರಲ್ಲಿ ಅದರ ಶಿಖರ ಕೆಲವು ನಿಮಿಷಗಳದು ಅಥವಾ ಗಂಟೆಗಳದು. ಪ್ರಾಣ ಬಿಡಲು ಹೊರಟು ಕೊನೆಯ ಗಳಿಗೆಯಲ್ಲಿ ಇತರರಿಂದ ತಡೆಯಲ್ಪಟ್ಟ ೫೧೫ ಮಂದಿ ಮುಂದೇನಾದರೆಂಬುದನ್ನು ಅಮೆರಿಕದ ರಿಚರ್ಡ್ ಸೈಡನ್ ೧೯೭೮ರಲ್ಲಿ ಪರಿಶೀಲಿಸಿದರು. ತಡೆದರೇನು, ಇನ್ನೊಂದು ದಿನ ಹೋಗಿಯೇ ಹೋಗುತ್ತಾರೆ ಎಂಬುದು ಜನರ ನಂಬಿಕೆಯಾಗಿತ್ತು. ಅವರಲ್ಲಿ ನೂರಕ್ಕೆ ಸುಮಾರು ೯೪ ಮಂದಿ, ಎಷ್ಟೋ ವರ್ಷಗಳ ನಂತರವೂ, ಬದುಕಿದ್ದರು ಅಥವಾ ಸಹಜ ಕಾರಣಗಳಿಂದ ಸತ್ತಿದ್ದರು. ಆ ಅಲೆ ಏರಿರುವಷ್ಟು ಹೊತ್ತು ಒಂಟಿಯಾಗಿರದಿರುವುದು, ಅಪಾಯಕರವಾದ ವಸ್ತುಗಳನ್ನು ಮನೆಯವರು ಕೈಗೆಟಕದಂತೆ ಬೇರೆಡೆಗೆ ಸಾಗಿಸುವುದು, ಇವು ಇದಕ್ಕಾಗಿಯೇ.

ಇದರ ಮೇಲೆಯೇ ನಿಂತ ಒಂದು ಉಪಾಯವನ್ನು ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ್ದಾರೆ. ಮನಸ್ಸು ತಿಳಿಯಾಗಿರುವ ದಿನ, ವೈದ್ಯರ ಅಥವಾ ಸಲಹೆಗಾರರ ಜೊತೆ ಕುಳಿತು, ಒಂದು ಹಾಳೆಯ ಮೇಲೆ ಬರೆದಿಡತಕ್ಕ ಯೋಜನೆಯದು. ಅಲೆ ಏಳುವ ಮುನ್ಸೂಚನೆಗಳೇನು, ಆಗ ತಾನೇ ಮಾಡಬಹುದಾದ್ದೇನು, ಎಲ್ಲಿಗೆ ಹೋಗಬಹುದು, ಯಾರನ್ನು ಕರೆಯಬಹುದು, ಅವರ ಸಂಖ್ಯೆಗಳೇನು, ಯಾವುದಕ್ಕಾಗಿ ಬದುಕಬೇಕೆನಿಸುತ್ತದೆ ಎಂಬುವು ಅದರಲ್ಲಿರುತ್ತವೆ. ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಬರೆದುಕೊಟ್ಟು ಆಮೇಲೆ ದೂರವಾಣಿಯಲ್ಲಿ ವಿಚಾರಿಸುತ್ತಿದ್ದ ರೋಗಿಗಳಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾವರ್ತನೆಗಳು ಇತರರಿಗಿಂತ ನೂರಕ್ಕೆ ೪೫ರಷ್ಟು ಕಡಮೆಯಾಗಿದ್ದುವು. ಹಾಳೆಯ ಉಪಯೋಗ ನಮ್ಮ ವಾಚಕರಿಗೆ ಈಗ ತಾನಾಗಿ ಹೊಳೆದಿರಬೇಕು. ಸ್ಮರಣೆ ಕೈಕೊಡುವ ಹೊತ್ತಿನಲ್ಲಿ ಕಾಗದ ಕೈಕೊಡುವುದಿಲ್ಲ. ಆದ್ದರಿಂದ ಅಲ್ಲಿ ‘ಕುಟುಂಬ’ ಎಂದು ಬರೆಯುವುದಕ್ಕಿಂತ, ‘ಅಜ್ಜನಿಗೆ ರಾತ್ರಿ ಪತ್ರಿಕೆ ಓದಿ ಹೇಳುವವನು ನಾನೊಬ್ಬನೇ’ ಎಂದು ಬರೆಯುವುದು ಮೇಲು; ‘ಮುಂದಿನ ಭವಿಷ್ಯ’ ಎಂಬುದಕ್ಕಿಂತ, ‘ಶ್ರಾವಣದಲ್ಲಿ ನಮ್ಮ ಕರಿಯ ಹಸು ಕರುಹಾಕಲಿದೆ’ ಎಂಬುದು ಮೇಲು.

ಸಹಪಾಠಿಯೊಬ್ಬನಲ್ಲಿ ಈ ಲಕ್ಷಣಗಳು ಕಂಡರೆ ಕೇಳಬೇಕೇ, ಬೇಡವೇ? ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆಂದು ಅನೇಕರು ಹಿಂಜರಿಯುತ್ತಾರೆ. ಈ ಭಯವನ್ನು ಮ್ಯಾಡಲಿನ್ ಗೌಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ೨೩೪೨ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿ ೨೦೦೫ರಲ್ಲಿ ವರದಿಮಾಡಿದರು. ಆತ್ಮಹತ್ಯೆಯ ಕುರಿತು ನೇರವಾಗಿ ಪ್ರಶ್ನಿಸಲ್ಪಟ್ಟವರಲ್ಲಿ, ಪ್ರಶ್ನಿಸಲ್ಪಡದವರಿಗಿಂತ ಸಂಕಟವಾಗಲಿ ಅಂಥ ಯೋಚನೆಗಳಾಗಲಿ ಹೆಚ್ಚಲಿಲ್ಲ; ಖಿನ್ನತೆಯ ಲಕ್ಷಣಗಳಿದ್ದವರಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆದಂತಿತ್ತು. ಆದ್ದರಿಂದ, “ಸಾಯಬೇಕೆನಿಸುತ್ತಿದೆಯೇನೋ?” ಎಂದು ಗೆಳೆಯನನ್ನು ಮೆಲ್ಲಗೆ ನೇರವಾಗಿಯೇ ಕೇಳಬಹುದು. ಹೌದೆಂದರೆ, “ಧೈರ್ಯ ತಂದುಕೋ” ಎಂದು ಹೇಳಿ ಎದ್ದುಬರಬಾರದು. ಕೇಳುತ್ತ ಕುಳಿತುಕೊಳ್ಳಬೇಕು, ಗುಟ್ಟಾಗಿಡುತ್ತೇನೆಂದು ಮಾತು ಕೊಡಬಾರದು, ನಂಬಿಕೆಯ ಹಿರಿಯರೊಬ್ಬರಿಗೆ, ಉಪಾಧ್ಯಾಯರಾಗಲಿ ಅತ್ತೆ ಮಾವಂದಿರಾಗಲಿ, ಆ ದಿನವೇ ತಿಳಿಸಬೇಕು.

ಸಾಯಲು ಯತ್ನಿಸಿದವರನ್ನು ಅಪರಾಧಿಗಳೆಂದು ಎಣಿಸುತ್ತಿದ್ದ ಕಾಲ ಹೋಗಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಅಂಥವರು ತೀವ್ರವಾದ ಒತ್ತಡದಲ್ಲಿದ್ದರೆಂದು ಭಾವಿಸಿ, ಶಿಕ್ಷಿಸದೆ, ಆರೈಕೆ ಒದಗಿಸತಕ್ಕದ್ದು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಅದರ ಸಂಖ್ಯೆ ೧೪೪೧೬. ಹಗಲೂ ರಾತ್ರಿಯೂ ತೆರೆದಿರುವ ಈ ಸೇವೆಗೆ ಶುಲ್ಕವಿಲ್ಲ. ಬೆಳಗಿನ ನಾಲ್ಕು ಗಂಟೆಗೂ ಕನ್ನಡದಲ್ಲಿ ಮಾತನಾಡಬಹುದು.